ಮುನಿಸಿಗೊಂದು ನಕ್ಷೆ

ನಮ್ಮೂರಲ್ಲಿ ಯಾರೂ ಯಾರ ಮುಖಕ್ಕೂ ‘ಇಲ್ಲ’ ಅನ್ನುವುದಿಲ್ಲ. ಒಳ್ಳೆಯತನದಿಂದೇನೂ ಅಲ್ಲ, ನಮ್ಮಷ್ಟು ಮೊಂಡರು ಸುತ್ತ ಹತ್ತೂರು ಹುಡುಕಿದರೂ ಸಿಗುವುದಿಲ್ಲ. ಎದುರಿಗೆ ನಿಂತವರಿಗೆ ‘ಇಲ್ಲ’ ಅಂದ ಕ್ಷಣ ಕಾಲಡಿಯ ಬೀದಿ ಹಳೇ ಪಂಚೆಯ ಹಾಗೆ ಪರ್ ಅಂತ ಸೀಳಿ ಎರಡಾಗುತ್ತದೆ. ಅಂದವರದೊಂದು ಓಣಿ, ಅನ್ನಿಸಿಕೊಂಡವರದೊಂದು ಓಣಿ. ನಡುವೆ ಒಂದು ಚರಂಡಿಯೂ ಒಂದು ಸಾಲು ದಾಸವಾಳದ ಬೇಲಿಯೂ ಎಲ್ಲಿಂದಲೋ ಬಂದು ನಿಂತುಬಿಡುತ್ತವೆ. ಅರ್ಧ ಗಂಟೆಯೊಳಗೆ ಆ ಬೇಲಿಗೆ ಯಾರದೋ ಮೇಕೆ ಕಟ್ಟಿರುತ್ತದೆ. ಇಬ್ಬರೂ ರಾಜಿಯಾದರೆ ಓಣಿಗಳು ಮತ್ತೆ ಕೂಡಿಕೊಳ್ಳುತ್ತವೆ. ಆದರೆ ರಾಜಿಯಾಗುವವರು ಯಾರು? ಗಂಡ ಹೆಂಡತಿ ಸಾರಿನ ವಿಷಯಕ್ಕೆ ಹುಟ್ಟಿಸಿದ ‘ಉಪ್ಪು ಜಾಸ್ತಿ’ ಓಣಿಗೆ ಈಗ ಬೀದಿದೀಪವೂ ಬಂದಿದೆ. ಕ್ರಿಕೆಟ್ ಆಡುವಾಗ ಹುಟ್ಟಿದ ‘ಔಟ್’ ಓಣಿ ಮತ್ತು ‘ನಾಟೌಟ್’ ಓಣಿ ಹಾಗೇ ಇವೆ, ಆವತ್ತು ಬ್ಯಾಟು ಹಿಡಿದಿದ್ದವನಿಗೆ ಮೊಮ್ಮಕ್ಕಳಾಗಿದ್ದಾರೆ.

ಆದ್ದರಿಂದ ‘ಇಲ್ಲ’ ಅನ್ನಬೇಕಾದ ಕಡೆಯೆಲ್ಲ ನಾವು ‘ನೋಡೋಣ’ ಅನ್ನುತ್ತೇವೆ. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪಿದೆಯಾ ಅಂದರೆ ‘ನೋಡೋಣ’. ಗಿರಾಕಿ ಸುಮ್ಮನೆ ಮುಂದಿನ ಅಂಗಡಿಗೆ ಹೋಗುತ್ತಾನೆ. ಹುಡುಗಿ ಒಪ್ಪಿಗೆಯಾ ಅಂದರೆ ‘ನೋಡೋಣ’. ಗಂಡಿನ ಕಡೆಯವರು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಡಾಕ್ಟರು ಬಂದು ರೋಗಿಯ ಕೈ ಹಿಡಿದು ‘ನೋಡೋಣ’ ಅಂದರೆ ಮನೆಯವರು ಅಳಲು ಶುರುಮಾಡುತ್ತಾರೆ.

ಹಾಗಂತ ಜಗಳವಾಡದೆ ಮನುಷ್ಯ ಬದುಕಲಿಕ್ಕಾಗುತ್ತದೆಯೇ? ಆಡುತ್ತೇವೆ, ಕಾರ್ಡಿನಲ್ಲಿ. ಕಾಗದದ ಮೇಲಿನ ‘ಇಲ್ಲ’ಕ್ಕೆ ಬೀದಿ ಮಿಸುಕುವುದಿಲ್ಲ. ಅಡುಗೆಮನೆಯಲ್ಲಿರುವ ಹೆಂಡತಿ ಅಂಚೆ ಡಬ್ಬಕ್ಕೆ ಕಾರ್ಡು ಹಾಕುತ್ತಾಳೆ. ಅದು ಕಚೇರಿಗೆ ಹೋಗಿ ಮುದ್ರೆ ಹೊಡೆಸಿಕೊಂಡು ಎರಡು ದಿನಕ್ಕೆ ಅದೇ ಮನೆಯ ಜಗುಲಿಯಲ್ಲಿ ಕೂತ ಗಂಡನಿಗೆ ತಲುಪುತ್ತದೆ. ಅವನು ಓದಿ, ಹಲ್ಲು ಕಡಿದು, ಉತ್ತರ ಬರೆಯುತ್ತಾನೆ. ಈ ಎಲ್ಲ ಕಾರ್ಡುಗಳನ್ನು ನಲವತ್ತು ವರ್ಷ ಹಂಚಿದವನು ನಾನು, ಅಂಚೆ ಜವರಯ್ಯ.

ನಾನು ರಿಟೈರಾಗಿ ಆರು ವರ್ಷವಾಗಿತ್ತು. ಕಾಗದದ ಮೇಲೆ ಆಗಿತ್ತು ಅಷ್ಟೆ. ನನ್ನ ಜಾಗಕ್ಕೆ ಬಂದ ಮೊದಲನೇ ಹುಡುಗ ಕಾಣೆಯಾಗಿ ಮೂರನೇ ದಿನ ‘ಉಪ್ಪು ಜಾಸ್ತಿ’ ಓಣಿಯಲ್ಲಿ ಸಿಕ್ಕಿದ. ಅಲ್ಲಿಯ ಹೆಂಗಸರು ಅವನಿಗೆ ಉಣ್ಣಿಸಿ ಉಣ್ಣಿಸಿ ಅಂಗಿಯ ಗುಂಡಿ ಹಾಕದ ಹಾಗೆ ಮಾಡಿದ್ದರು. ಎರಡನೆಯವನು ‘ನಾಟೌಟ್’ ಓಣಿಯಲ್ಲಿ ದಾರಿ ಕೇಳಲು ಹೋಗಿ ಅವರ ಟೀಮು ಸೇರಿಕೊಂಡ. ಮೂರನೆಯವನ ವಿಷಯ ಬಿಡಿ. ಹಾಗಾಗಿ ಪೋಸ್ಟ್‌ಮಾಸ್ಟರ್ ವೃಷಭೇಂದ್ರ ದಿನಾ ಬೆಳಿಗ್ಗೆ ನಮ್ಮನೆ ಮುಂದೆ ಬಂದು ನಿಲ್ಲುತ್ತಿದ್ದರು.

“ಜವರಯ್ಯ, ಇವತ್ತೊಂದಿನ.”

“ಸ್ವಾಮಿ, ಎರಡು ಮಂಡೀನೂ ಹೋಗವೆ. ಇನ್ನಾದ್ರೂ ನನ್ನ ಬಿಟ್ಬಿಡಿ.”

“ನೋಡೋಣ ಜವರಯ್ಯ.”

ಮುಗಿಯಿತಲ್ಲ! ನಾನೇ ಗಟ್ಟಿ ಮನಸ್ಸು ಮಾಡಿ ‘ಇಲ್ಲ, ಬರಲ್ಲ’ ಅನ್ನಬಹುದಿತ್ತು. ಅಂದರೆ ನಮ್ಮನೆ ಮುಂದೊಂದು ಹೊಸ ಓಣಿ ಹುಟ್ಟುತ್ತಿತ್ತು. ಆ ಓಣಿಗೆ ಕಾರ್ಡು ಹಂಚುವವನು ಯಾರು? ನಾನೇ. ಹೀಗೆ ಆರು ವರ್ಷ ಕುಂಟಿದೆ. ನಮ್ಮನೆಯವಳು ನಿಂಗಾಜಮ್ಮ ಬೆಳಿಗ್ಗೆ ಸಂಜೆ ಮಂಡಿಗೆ ಎಳ್ಳೆಣ್ಣೆ ತಿಕ್ಕುತ್ತಿದ್ದಳು.

ಆಗ ನಮ್ಮನೆ ಬಾಗಿಲಿಗೆ ಬಂದವರು ಸರ್ವಮಂಗಳಾ ಮೇಡಂ. ಅವರು ಹೊರಗಿನೂರಿನವರು. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸಲು ಬಂದ ಮೊದಲ ದಿನವೇ ಜವಾನ “ಟೀ ಆಯ್ತಾ ಮೇಡಂ?” ಅಂದದ್ದಕ್ಕೆ “ಇಲ್ಲ” ಅಂದುಬಿಟ್ಟಿದ್ದರು. ವರಾಂಡ ಸೀಳಿತು. ಜಗಳವೇ ಆಗದ ಮೇಲೆ ರಾಜಿಯಾಗುವುದು ಹೇಗೆ? ಹಾಗಾಗಿ ಆ ಕಾಲೇಜಿಗೆ ಇವತ್ತಿಗೂ ಎರಡು ವರಾಂಡ, ಮೇಡಂಗೆ ಇವತ್ತಿಗೂ ಟೀ ಸಿಗುವುದಿಲ್ಲ. ಆಮೇಲೆ ಎಂಟು ವರ್ಷದಲ್ಲಿ ಅವರಿಗೂ ನಮ್ಮೂರ ನೀರು ಒಗ್ಗಿತ್ತು. ಅವರೂ ನೋಡೋಣ ಅನ್ನಲು ಕಲಿತಿದ್ದರು.

ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಮೇಡಂ ನಮ್ಮ ಜಗುಲಿಗೆ ಬಂದರು. ಹುಡುಗಿಯ ಹೆಸರು ತಸ್ಮಿಯಾ, ಮಾತು ಕತ್ತರಿ. ಹುಡುಗ ಚೆನ್ನಿಗರಾಯ, ಹಿಡಿದದ್ದು ಬಿಡದ ಜಾತಿ.

“ಜವರಯ್ಯನೋರೆ, ನಿಮ್ಮ ತಲೇಲಿರೋ ಓಣಿಗಳ್ನೆಲ್ಲ ನಮಗೆ ಹೇಳ್ಬೇಕು,” ಅಂದರು ಮೇಡಂ. “ಫೋನಲ್ಲಿ ನಕ್ಷೆ ತೋರ್ಸೋ ಪ್ರೋಗ್ರಾಂ ಒಂದಿದೆ. ನಮ್ಮೂರು ಬಂದ ತಕ್ಷಣ ಅದಕ್ಕೆ ತಲೆ ಕೆಡುತ್ತೆ. ಬೀದಿ ಅಂದ್ಮೇಲೆ ಇದ್ದ ಕಡೆ ಇರುತ್ತೆ ಅಂತ ಅದು ನಂಬ್ಕೊಂಡಿದೆ. ನಾವು ಅದನ್ನ ರಿಪೇರಿ ಮಾಡ್ತೀವಿ.”

“ಪ್ರೋಗ್ರಾಂ ನಿಮ್ದಾ?”

“ಯಾರ್ದೂ ಅಲ್ಲ, ಎಲ್ಲಾರ್ದೂ. ಒಳಗೆ ಏನು ಬರ್ದಿದೆ ಅಂತ ಯಾರು ಬೇಕಾದ್ರೂ ಓದಬಹುದು. ತಪ್ಪಿದ್ರೆ ಯಾರು ಬೇಕಾದ್ರೂ ತಿದ್ದಿ ಕಳಿಸ್ಬಹುದು. ಅದನ್ನ ನೋಡ್ಕೊಳ್ಳೋರು ದೂರದ ದೇಶದಲ್ಲಿ ಇದಾರೆ, ಹಿಲ್ಡಾ ಅಂತ. ಅವರು ಪರೀಕ್ಷೆ ಮಾಡಿ, ಸರಿ ಇದ್ರೆ ಸೇರಿಸ್ಕೊತಾರೆ.”

“ಅಂದ್ರೆ ಬೀದಿ ಒರಳುಕಲ್ಲು,” ಅಂದೆ. “ಯಾರು ಬೇಕಾದ್ರೂ ರುಬ್ಬೋದು, ಸವೆದ್ರೆ ಯಾರು ಬೇಕಾದ್ರೂ ಕುಟ್ಟಿಸೋದು. ಕುಟ್ಟಿದ್ದು ಸರಿ ಇದ್ಯಾ ಅಂತ ನೋಡೋಕೆ ಒಬ್ಬಳು ಅಜ್ಜಿ.”

“ಅಷ್ಟೇ ತಾತ,” ಅಂದ ಚೆನ್ನಿಗ. “ನಮ್ದು ಒಂದು ಆಗ್ಲೇ ಸೇರಿಸ್ಕೊಂಡಿದಾರೆ. ಕನ್ನಡದ ಪರದೇಲಿ ಹಿಂದಕ್ಕೆ ಹೋಗೋ ಗುಂಡಿ ಮೇಲೆ ‘ಬೆನ್ನು’ ಅಂತ ಇತ್ತು. ನಾನು ‘ಹಿಂದೆ’ ಅಂತ ತಿದ್ದಿ ಕಳಿಸ್ದೆ. ಹೆಬ್ಬೆಟ್ಟು ಎತ್ತಿ ತೋರಿಸಿ ತಗೊಂಡ್ರು.”

“ಒಂದೇ ಪದ,” ಅಂದಳು ತಸ್ಮಿಯಾ. “ಆವತ್ತಿಂದ ಇವನು ನಡೆಯೋದೇ ಬೇರೆ ಥರ. ಎದೆ ಮುಂದೆ, ಬೆನ್ನು ಹಿಂದೆ.”

ನನಗೆ ಬೇಕಾದದ್ದು ಒಂದೇ. “ಈ ನಕ್ಷೆ ಬಂದ್ರೆ ಹೊಸ ಪೋಸ್ಟ್‌ಮನ್ನು ತಾನೇ ದಾರಿ ಹುಡುಕ್ಕೋತಾನಾ?” ಅಂದೆ. ಹುಡುಕಿಕೊಳ್ಳುತ್ತಾನೆ ಅಂದರು. ಆವತ್ತೇ ಅವರ ಜೊತೆ ಹೊರಟೆ. ದೇಶಸೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಹೊರಟದ್ದು ನನ್ನ ಮಂಡಿಗಾಗಿ.

ಎರಡು ತಿಂಗಳು ಮಧ್ಯಾಹ್ನದ ಹೊತ್ತು ನಾನು ಕಾಲೇಜಿನ ಲ್ಯಾಬಿನಲ್ಲಿ ಕೂತೆ. ನಾನು ಓಣಿ ಹೇಳುವುದು, ಏಳು ಜನ ವಿದ್ಯಾರ್ಥಿಗಳು ಬರೆಯುವುದು. ಯಾವ ಓಣಿ ಯಾವ ಮಾತಿಗೆ ಒಡೆಯಿತು, ಯಾರದು ಈಗ ರಾಜಿ ಹಂತದಲ್ಲಿದೆ, ಯಾವುದು ಹಬ್ಬಕ್ಕೆ ಕೂಡಿ ಹಬ್ಬದ ಊಟದಲ್ಲೇ ಮತ್ತೆ ಒಡೆಯುತ್ತದೆ, ಎಲ್ಲ. ಅದನ್ನಿಟ್ಟುಕೊಂಡು ಅವರು ಪ್ರೋಗ್ರಾಮಿಗೆ ಬೀದಿ ಒಡೆಯುವುದನ್ನೂ ಕೂಡುವುದನ್ನೂ ಕಲಿಸಬೇಕಿತ್ತು. ಓಡಾಡುವವರ ಜೇಬಿನ ಫೋನು ನೆಲ ಸೀಳಿದ್ದನ್ನು ತಿಳಿದು ತಾನೇ ನಕ್ಷೆಯ ಮೇಲೆ ಹೊಸ ಗೆರೆ ಎಳೆಯಬೇಕು, ರಾಜಿಯಾದರೆ ಎರಡು ಗೆರೆ ಒಂದು ಮಾಡಬೇಕು. ಪ್ರತಿ ಓಣಿಗೂ ಅವರು ಒಂದು ಖಾನೆ ಮಾಡಿದ್ದರು. ಅದರ ಹೆಸರು ‘ಮುನಿಸು’.

ಆ ಖಾನೆಯ ಮೇಲೆಯೇ ತಸ್ಮಿಯಾಗೂ ಚೆನ್ನಿಗನಿಗೂ ಹತ್ತಿಕೊಂಡಿತು. ಮುನಿಸು ಅಂದರೆ ಇದೆ ಅಥವಾ ಇಲ್ಲ, ಎರಡೇ ಅನ್ನುವುದು ಅವಳ ವಾದ. ಎಷ್ಟು ಮುನಿಸು ಅಂತ ಅಂಕಿ ಬೇಕು ಅನ್ನುವುದು ಅವನದು. ಬಾಯಿಬಿಟ್ಟು ವಾದಿಸಿದರೆ ಲ್ಯಾಬೇ ಎರಡಾದೀತು. ಒಂದು ಸಲ ಅವಳು “ಇ...” ಅನ್ನುವಷ್ಟರಲ್ಲಿ ನೆಲದ ಟೈಲ್ಸು ಚಟ್ ಅಂತ ಬಿರಿದೂ ಇತ್ತು. ಅಂದಿನಿಂದ ಮೇಡಂ ಕಟ್ಟುನಿಟ್ಟು ಮಾಡಿದರು: ವಾದ ಇದ್ದರೆ ಟೈಪ್ ಮಾಡಿ. ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು, ಮುಖ ನೋಡದೆ, ಇಬ್ಬರೂ ಕೀಲಿಮಣೆ ಕುಟ್ಟುತ್ತಿದ್ದರು. ಹಪ್ಪಳದ ಹಿಟ್ಟು ಕುಟ್ಟುವಲ್ಲೂ ಅಷ್ಟು ಸದ್ದಿರುವುದಿಲ್ಲ. ಕಾಲುಭಾಗ ಮುನಿಸು ಅಂತ ಲೋಕದಲ್ಲಿ ಇದೆಯೇ ಅಂತ ಅವಳು ಬರೆದರೆ, ನಿನ್ನ ಮುಖದ ಮೇಲೆ ಮುಕ್ಕಾಲು ಭಾಗ ಯಾವಾಗಲೂ ಇರುತ್ತದೆ ಅಂತ ಇವನು ಬರೆಯುತ್ತಿದ್ದ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು.

“ತಾತ, ನೀವೇ ಹೇಳಿ. ಅರ್ಧ ಮುನಿಸು ಅಂತ ಇರುತ್ತಾ?”

“ನಮ್ಮನೇಲಿ ಮೂವತ್ತೆಂಟು ವರ್ಷದಿಂದ ಇದೆಯಲ್ಲಪ್ಪ,” ಅಂದೆ. ಅಂಕಿಯ ಪಕ್ಷ ಗೆದ್ದಿತು.

ಪ್ರೋಗ್ರಾಮಿನ ಕೋಡೆಲ್ಲ ಬರೆದಾಯಿತು, ಇನ್ನು ಪರೀಕ್ಷೆ. ಎಲ್ಲರ ಕಣ್ಣ ಮುಂದೆ ಒಂದು ಬೀದಿ ಒಡೆಯಬೇಕು, ಫೋನಿನಲ್ಲಿ ಗೆರೆ ಮೂಡಬೇಕು. ಕಾಲೇಜು ಗೇಟಿನ ಮುಂದೆ ನಾನೂ ಮೇಡಮ್ಮೂ ಎದುರುಬದುರು ನಿಂತೆವು.

“ನಿಮ್ಮ ಮೀಸೆ ಚೆನ್ನಾಗಿಲ್ಲ,” ಅಂದರು ಮೇಡಂ, ಮಗ್ಗಿ ಒಪ್ಪಿಸುವವರ ಹಾಗೆ.

“ಇಲ್ಲ, ಚೆನ್ನಾಗಿದೆ,” ಅಂದೆ.

ಬೀದಿ ಅಲ್ಲಾಡಲಿಲ್ಲ. ನಾಟಕ ಅದಕ್ಕೂ ತಿಳಿಯುತ್ತದೆ. ನಿಮಗೆ ಅಡುಗೆ ಬರಲ್ಲ ಅಂದೆ, ಇಲ್ಲ ಬರುತ್ತೆ ಅಂದರು. ನಿಮಗೆ ಲೆಕ್ಕ ಬರಲ್ಲ ಅಂದರು, ಇಲ್ಲ ಬರುತ್ತೆ ಅಂದೆ. ಒಂದು ಕಲ್ಲೂ ಕದಲಲಿಲ್ಲ. ಬಿಸಿಲು ಏರಿತು. ಏಳು ಜನ ವಿದ್ಯಾರ್ಥಿಗಳು, ಗೇಟು ಕಾಯುವವನು, ಕಡಲೆಕಾಯಿ ಮಾರುವವಳು ಎಲ್ಲ ಸುತ್ತ ನಿಂತು ಆಕಳಿಸುತ್ತಿದ್ದರು. ಮೇಡಂ ಸೆರಗಿನಿಂದ ಬೆವರು ಒರೆಸಿಕೊಂಡು, “ಹೋಗ್ಲಿ ಬಿಡಿ, ನಾಳೆ ಮಾಡೋಣ,” ಅಂದರು. ಆಮೇಲೆ ಏನೋ ನೆನಪಾದವರ ಹಾಗೆ, “ಅಂದ ಹಾಗೆ ಜವರಯ್ಯನೋರೆ, ಊರ ಕಾರ್ಡನ್ನೆಲ್ಲ ನೀವು ಓದ್ತೀರಂತೆ, ಹೌದಾ?” ಅಂದರು.

“ಇಲ್ಲ!”

ನನ್ನ ಗಂಟಲಿನಿಂದ ಅಂಥ ಸದ್ದು ಹೊರಟದ್ದು ನಾನೇ ಕೇಳಿರಲಿಲ್ಲ. ಬೀದಿ ಗೇಟಿನಿಂದ ಹಿಡಿದು ಹಾಲಿನ ಡೇರಿಯವರೆಗೆ ಒಂದೇ ಏಟಿಗೆ ಸೀಳಿತು. ಕಡಲೆಕಾಯಿ ಮಾರುವವಳು ಆ ಕಡೆ, ಅವಳ ಬುಟ್ಟಿ ಈ ಕಡೆ. ಚೆನ್ನಿಗ ಫೋನು ಎತ್ತಿ ಹಿಡಿದು, “ಬಂತು! ಗೆರೆ ಬಂತು!” ಅಂತ ಕುಣಿದ. ಹುಡುಗರೆಲ್ಲ ಕೂಗಿದರು. ನಾನು ಮಾತ್ರ ದಾಸವಾಳದ ಬೇಲಿಯ ಈಚೆ ಒಬ್ಬನೇ ನಿಂತು ಉಸಿರು ಬಿಡುತ್ತಿದ್ದೆ.

ನಿಮಗೆ ನಿಜ ಹೇಳುತ್ತೇನೆ. ಓದುತ್ತಿದ್ದೆ. ಒಂದನ್ನೂ ಬಿಡುತ್ತಿರಲಿಲ್ಲ. ಕಾರ್ಡು ತೆರೆದೇ ಇರುತ್ತದೆ, ಕಣ್ಣೂ ತೆರೆದೇ ಇರುತ್ತದೆ, ನಾನೇನು ಮಾಡಲಿ? ಬೀದಿಗೆ ಸುಳ್ಳು ನಿಜದ ಗೊಡವೆಯಿಲ್ಲ, ಮಾತು ಹೊಟ್ಟೆಯಿಂದ ಬಂದರೆ ಸಾಕು.

ಸಂಜೆಯೊಳಗೆ ಹೆಸರೂ ಬಿತ್ತು. ಮೇಡಮ್ಮಿನದು ‘ಓದ್ತೀರಂತೆ’ ಓಣಿ, ನನ್ನದು ‘ಇಲ್ಲವಂತೆ’ ಓಣಿ. ಮಾರನೇ ದಿನ ಮೇಡಂ ಬೇಲಿಯಾಚೆ ನಿಂತು, “ಜವರಯ್ಯನೋರೆ, ರಾಜಿ ಆಗ್ಬಿಡೋಣ. ಕೂಡೋದನ್ನೂ ಪರೀಕ್ಷೆ ಮಾಡ್ಬೇಕು,” ಅಂದರು.

“ಆಗೋಣ. ಜವರಯ್ಯ ಕಾರ್ಡು ಓದಲ್ಲ ಅಂತ ಒಂದ್ಮಾತು ಅನ್ನಿ.”

“ಹೆಂಗನ್ಲಿ? ನಮ್ಮಮ್ಮನ ಕಾರ್ಡಿನ ಮೇಲೆಲ್ಲ ಎಳ್ಳೆಣ್ಣೆ ಬೆರಳಿನ ಗುರುತು. ಅದೂ ಸಾಲುಸಾಲಾಗಿ ಕೆಳಕ್ಕೆ ಇಳ್ದಿದೆ. ಕೊನೇ ಸಾಲಿನ ಹತ್ರ ಗುರುತು ದಪ್ಪ. ಅಲ್ಲಿ ಸ್ವಲ್ಪ ಹೊತ್ತು ನಿಂತು ಯೋಚ್ನೆ ಮಾಡಿದೀರ.”

“ಹಂಗಾದ್ರೆ ರಾಜಿ ವಿಷ್ಯ ನೋಡೋಣ,” ಅಂದು ತಿರುಗಿ ನಡೆದೆ.

ಮೂರು ವಾರ ನಾನು ಲ್ಯಾಬಿನ ಕಡೆ ಹೋಗಲಿಲ್ಲ. ಬೆಳಿಗ್ಗೆ ವೃಷಭೇಂದ್ರರ ‘ಇವತ್ತೊಂದಿನ’, ಸಂಜೆ ಎಳ್ಳೆಣ್ಣೆ. ಹುಡುಗರು ಕಾಯದೆ, ಒಡೆಯುವ ಪರೀಕ್ಷೆಯೊಂದನ್ನೇ ಜೊತೆಗಿಟ್ಟು ಕೋಡನ್ನು ಹಿಲ್ಡಾಗೆ ಕಳಿಸಿದರು. ಒಂದು ಶನಿವಾರ ಬೆಳಿಗ್ಗೆ ತಸ್ಮಿಯಾ ನಮ್ಮ ಜಗುಲಿಗೆ ಬಂದು ಕುಸಿದು ಕೂತಳು.

“ಮುಗೀತು ತಾತ. ಹಿಲ್ಡಾ ಮೇಡಂ ನೋಡೋಣ ಅಂದ್ಬಿಟ್ರು.”

ನಿಂಗಾಜಮ್ಮ “ಅಯ್ಯೋ ಕಂದ” ಅಂತ ಓಡಿಬಂದು ಅವಳ ತಲೆ ಸವರಿ ನೀರು ಕೊಟ್ಟಳು. ಚೆನ್ನಿಗ ಬೆಳಿಗ್ಗೆಯಿಂದ ತಿಂಡಿ ಮುಟ್ಟಿರಲಿಲ್ಲವಂತೆ. ಸರ್ವಮಂಗಳಾ ಮೇಡಂ ಮರ್ಯಾದೆಯಿಂದ, ‘ನಿಮ್ಮ ನೋಡೋಣ ತಲುಪಿತು, ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆಯಿರಲಿ’ ಅಂತ ಬರೆದು ಕೋಡನ್ನು ವಾಪಸ್ಸು ತೆಗೆದುಕೊಂಡಿದ್ದರಂತೆ.

“ಅವರು ಏನೇನು ಬರೆದವ್ರೆ ಪೂರ್ತಿ ಓದು,” ಅಂದೆ.

ಅವಳು ಫೋನು ತೆಗೆದು ಓದಿದಳು. ಹಿಲ್ಡಾ ತಮ್ಮ ಭಾಷೆಯಲ್ಲಿ ಬರೆದದ್ದನ್ನು ಕಂಪ್ಯೂಟರೇ ಕನ್ನಡ ಮಾಡಿ ಕೊಟ್ಟಿತ್ತು. “ನಿಮ್ಮ ಕೆಲಸ ಅಚ್ಚುಕಟ್ಟಾಗಿದೆ. ಬೀದಿ ಒಡೆಯುವುದನ್ನು ಕಂಡೆ. ಒಡೆದದ್ದು ಕೂಡುವುದನ್ನೂ ಒಮ್ಮೆ ತೋರಿಸಿ. ಈ ವರ್ಷದ ಆವೃತ್ತಿ ಸೋಮವಾರ ಹೊರಡುತ್ತದೆ, ತಪ್ಪಿದ್ದು ಮುಂದಿನ ವರ್ಷಕ್ಕೆ. ನೋಡೋಣ.”

ಮುಂದಿನ ವರ್ಷಕ್ಕೆ. ನನ್ನ ಮಂಡಿಗಳೆರಡೂ ಅದನ್ನು ಕೇಳಿಸಿಕೊಂಡವು. ಅದರ ಜೊತೆಗೇ ನನಗೆ ಹನ್ನೊಂದು ವರ್ಷದ ಹಿಂದಿನ ಒಂದು ಕಾರ್ಡು ನೆನಪಿಗೆ ಬಂತು. ಕಾಳಿಂಗಮ್ಮನ ಮಗಳಿಗೆ ಹೊರಗಿನೂರಿನ ಗಂಡು ಗೊತ್ತಾಗಿತ್ತು. ಅವನಿಂದ ಬಂದ ಕಾರ್ಡಿನಲ್ಲಿ ‘ಮುಂದಿನ ವಾರ ಬಂದು ದಿನ ನೋಡೋಣ’ ಅಂತಿತ್ತು. ಕಾಳಿಂಗಮ್ಮ ಎದೆ ಬಡಿದುಕೊಂಡು ಹಾಸಿಗೆ ಹಿಡಿದಳು. ಆದರೆ ಅದೇ ಕಾರ್ಡಿನ ಕೆಳಗೆ ‘ಸೀರೆ ಯಾವ ಬಣ್ಣ ಇರಲಿ’ ಅಂತಲೂ ಇತ್ತು, ಅಳುವ ಭರದಲ್ಲಿ ಆ ಮನೆಯವರು ಅಲ್ಲಿಯವರೆಗೆ ಓದಿರಲಿಲ್ಲ. ನಾನು ಓದಿದ್ದೆ. ಮುಂದಿನ ವಾರ ಗಂಡಿನವರು ವ್ಯಾನು ಮಾಡಿಕೊಂಡು ನಗುನಗುತ್ತ ಬಂದಿಳಿದರೆ ಇಲ್ಲಿ ಮನೆಯಲ್ಲಿ ಒಲೆ ಹಚ್ಚಿಲ್ಲ! ಆವತ್ತೇ ನನಗೆ ತಿಳಿಯಿತು, ಹೊರಗಿನವರ ನೋಡೋಣ ಬೇರೆ. ಅವರು ನೋಡೋಣ ಅಂದರೆ, ಕೂತು ನೋಡುತ್ತಾರೆ. ಈ ಸಂಗತಿ ಊರಿಗೆಲ್ಲ ಹೇಳಬೇಕೆನ್ನಿಸಿತ್ತು. ನಿನಗೆ ಹೇಗೆ ಗೊತ್ತು ಅಂತ ಕೇಳಿದರೆ ಏನು ಹೇಳುವುದು ಅಂತ ನುಂಗಿಕೊಂಡಿದ್ದೆ.

“ಅವರ ನೋಡೋಣ ಬೇರೆ ಇರಬಹುದು ಕಣವ್ವ,” ಅಂದೆ, ಎತ್ತಲೋ ನೋಡುತ್ತ.

“ನಿಮಗೆ ಹೆಂಗೊತ್ತು?”

“ಕನಸು ಬಿತ್ತು.”

“ಈಗ್ಲಾ? ಕೂತ್ಕೊಂಡೇ?”

ಕತ್ತರಿ ಅಂದೆನಲ್ಲ. ಅವಳು ಕಣ್ಣೊರೆಸಿಕೊಂಡು ಹೊರಟುಹೋದಳು. ನಿಂಗಾಜಮ್ಮ ಎಣ್ಣೆ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನನ್ನ ಮೂತಿ ನೋಡಿ ಅವಳಿಗೆ ಅರ್ಧ ತಿಳಿದಿತ್ತು, ಉಳಿದರ್ಧ ಅವಳಿಗೆ ಮೂವತ್ತೆಂಟು ವರ್ಷದಿಂದ ಗೊತ್ತೇ ಇತ್ತು.

“ಮಂಡಿ ದೊಡ್ಡದೋ ಮೀಸೆ ದೊಡ್ಡದೋ?” ಅಂದಳು.

ಕೋಲು ತೆಗೆದುಕೊಂಡು ಎದ್ದೆ. ಹನ್ನೆರಡು ಗಂಟೆಯ ಬಿಸಿಲು. ‘ಇಲ್ಲವಂತೆ’ ಓಣಿಯುದ್ದಕ್ಕೂ ಕುಂಟಿಕೊಂಡು ಕಾಲೇಜು ಗೇಟಿನ ನೇರಕ್ಕೆ ಬಂದಾಗ, ಬೇಲಿಯಾಚೆ ‘ಓದ್ತೀರಂತೆ’ ಓಣಿಯಲ್ಲಿ ಮೇಡಂ ಸ್ಕೂಟರು ತಳ್ಳಿಕೊಂಡು ಮನೆಗೆ ಹೊರಟಿದ್ದರು. ಹಿಂದೆ ಏಳು ವಿದ್ಯಾರ್ಥಿಗಳು, ಮೆರವಣಿಗೆಯ ಹಾಗೆ, ಆದರೆ ಸಾವಿನ ಮೆರವಣಿಗೆ. ಬೇಲಿಗೆ ಕಟ್ಟಿದ ಮೇಕೆ ಒಂದೇ ಸಮ ಅರಚುತ್ತಿತ್ತು.

“ಮೇಡಮ್ಮೋರೆ, ಓದ್ತೀನಿ,” ಅಂದೆ.

“ಏನಂದ್ರಿ? ಮೇಕೆ ಸದ್ದಲ್ಲಿ ಕೇಳಿಸ್ತಿಲ್ಲ.”

“ಓದ್ತೀನಿ ಅಂದೆ.”

“ಗಟ್ಟಿಯಾಗಿ ಹೇಳಿ!”

ನಾನು ಎದೆ ತುಂಬ ಗಾಳಿ ತೆಗೆದುಕೊಂಡು, “ಕಾರ್ಡು ಓದ್ತೀನಿ! ಊರ ಕಾರ್ಡೆಲ್ಲ ಓದ್ತೀನಿ! ನಲವತ್ತಾರು ವರ್ಷದಿಂದ ಒಂದೂ ಬಿಡ್ದಂಗೆ ಓದಿದೀನಿ!” ಅಂತ ಕೂಗಿದೆ. ಹಾಳು ಮೇಕೆ ಸರಿಯಾಗಿ ಆಗಲೇ ಬಾಯಿ ಮುಚ್ಚಿತ್ತು. ಎರಡೂ ಓಣಿಯ ಕಿಟಕಿಗಳು ಪಟಪಟನೆ ತೆರೆದವು. ಡೇರಿಯಲ್ಲಿ ಹಾಲು ಅಳೆಯುತ್ತಿದ್ದವನು ಅಳತೆ ಎತ್ತಿ ಹಿಡಿದು ಹಾಗೇ ನಿಂತ.

ಮೇಡಂ ಸ್ಕೂಟರು ನಿಲ್ಲಿಸಿದರು. “ನಮ್ಮಮ್ಮಂದೂ?”

“ಓದಿದೆ.”

“ಕೊನೇ ಸಾಲು ಏನಿತ್ತು ಹೇಳಿ ನೋಡೋಣ.” ಇದು ಹೊರಗಿನವರ ನೋಡೋಣ.

“ತುಪ್ಪ ಕಳಿಸ್ತೀನಿ ಅಂದಿದ್ರು. ಆಮೇಲೆ ಹದಿನಾಲ್ಕು ಕಾರ್ಡು ಬಂತು, ತುಪ್ಪ ಬರ್ಲಿಲ್ಲ. ನಂಗೂ ಬೇಜಾರಾಯ್ತು.”

ಮೇಡಂ ಸಿಟ್ಟು ಮಾಡಬೇಕೆಂದೇ ಬಾಯಿ ತೆರೆದರು. ಆದರೆ ಬಂದದ್ದು ನಗು. ಸ್ಕೂಟರಿನ ಹ್ಯಾಂಡಲಿಗೆ ಹಣೆ ಹಚ್ಚಿ ನಕ್ಕರು. “ಕಾಲೇಜು ಮುಂದೆ ಎಲ್ಲರೆದುರಿಗೆ ನಾನು ಹಂಗೆ ಕೇಳ್ಬಾರ್ದಿತ್ತು ಜವರಯ್ಯನೋರೆ,” ಅಂದರು.

ಚರಂಡಿ ದೊಡ್ಡದೊಂದು ತೇಗು ತೇಗಿ ಮುಚ್ಚಿಕೊಂಡಿತು. ದಾಸವಾಳದ ಬೇಲಿ ಒಂದೊಂದೇ ಗಿಡವಾಗಿ ನೆಲದೊಳಕ್ಕೆ ಇಳಿಯಿತು. ಆಚೆಯ ಓಣಿ ಮೇಡಮ್ಮನ್ನೂ ಸ್ಕೂಟರನ್ನೂ ಹುಡುಗರನ್ನೂ ಹೊತ್ತುಕೊಂಡು ನಿಧಾನವಾಗಿ ಜಾರಿ ಬಂದು ನನ್ನ ಓಣಿಗೆ ಅಂಟಿತು. ಚೆನ್ನಿಗ ಮುಖಕ್ಕೆ ಫೋನು ಹಿಡಿದುಕೊಂಡೇ ಬಂದ. “ಕೂಡ್ತು! ತಾತ, ಗೆರೆ ಕೂಡ್ತು! ಮುನಿಸು ಸೊನ್ನೆ!”

“ಕೂಡಿ ಏನು ಬಂತು,” ಅಂದಳು ತಸ್ಮಿಯಾ. “ಅವರು ನೋಡೋಣ ಅಂದಾಯ್ತಲ್ಲ.”

ಆಗ ಕಾಳಿಂಗಮ್ಮನ ಮಗಳ ಕಾರ್ಡಿನ ಕತೆ ಸೀರೆಯ ಬಣ್ಣದ ಸಮೇತ ಹೇಳಿದೆ. ಇನ್ನು ಮುಚ್ಚಿಡಲು ಏನು ಉಳಿದಿತ್ತು? ಹೇಳುತ್ತಿರುವಾಗ ಮೇಡಂ ಮುಖ ಬದಲಾಯಿತು. ಮಾತಿನ ಮಧ್ಯದಲ್ಲೇ ಹಣೆ ಚಚ್ಚಿಕೊಂಡರು. “ಅಯ್ಯೋ, ನಮ್ಮೂರಲ್ಲೂ ಹಂಗೇ ಕಣ್ರೀ! ಇಲ್ಲಿಗೆ ಬರೋಕೆ ಮುಂಚೆ ನಾನೂ ನೋಡೋಣ ಅಂದ್ರೆ ನೋಡ್ತಿದ್ದೆ! ಎಂಟು ವರ್ಷದಲ್ಲಿ ಮರ್ತೇಹೋಯ್ತಲ್ಲ!” ಎಲ್ಲರೂ ಲ್ಯಾಬಿಗೆ ಓಡಿದರು. ನಾನು ಕುಂಟಿದೆ. ನಾನು ತಲುಪುವಷ್ಟರಲ್ಲಿ ವಾಪಸ್ಸು ತೆಗೆದ ಕೋಡನ್ನು ಮತ್ತೆ ಕಳಿಸಿ, ಓಣಿ ಕೂಡಿದ ಗೆರೆಯನ್ನೂ ಜೊತೆಗಿಟ್ಟು, ‘ನಿಮ್ಮ ನೋಡೋಣದ ಅರ್ಥವೇನು, ದಯವಿಟ್ಟು ತಿಳಿಸಿ’ ಅಂತ ಮೇಡಂ ಬರೆದಾಗಿತ್ತು. ಏಳು ಜನ ಪರದೆಯ ಮುಂದೆ ಉಸಿರು ಹಿಡಿದು ಕೂತಿದ್ದರು. ಚೆನ್ನಿಗ ಉಗುರೆಲ್ಲ ಮುಗಿಸಿ ಚಟ್ನಿಪುಡಿ ಡಬ್ಬಿಯ ಮುಚ್ಚಳ ಕಚ್ಚುತ್ತಿದ್ದ.

ಕಾಲು ಗಂಟೆಗೆ ಉತ್ತರ ಬಂತು. “ನೋಡಿದೆ. ಸೇರಿಸಿಕೊಂಡಿದ್ದೇನೆ. ನೀವು ಯಾಕೆ ಹಿಂದಕ್ಕೆ ತೆಗೆದುಕೊಂಡಿರಿ ಅಂತ ಆಶ್ಚರ್ಯವಾಗಿತ್ತು. ನೋಡೋಣ ಅಂದರೆ ನೋಡೋಣ. ನಿಮ್ಮಲ್ಲಿ ಬೇರೆ ಅರ್ಥವಿದೆಯೇ?”

ಆಮೇಲಿನ ಗಲಾಟೆ ಹೇಳುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ, ಚೆನ್ನಿಗ ತಸ್ಮಿಯಾಳ ಎದುರು ನಿಂತು, “ಇದೆ ಅಥವಾ ಇಲ್ಲ ಅಂತ ಎರಡೇ ಇಟ್ಟಿದ್ರೂ ನಡೀತಿತ್ತು ಬಿಡು,” ಅಂದ. ಬಿರಿದಿದ್ದ ಟೈಲ್ಸು ತಾನಾಗಿ ಕೂಡಿಕೊಂಡಿತು. ತಸ್ಮಿಯಾ ಹಿಲ್ಡಾಗೆ ನಮ್ಮೂರ ನೋಡೋಣದ ಅರ್ಥವನ್ನು ಮೂರು ಪುಟ ಬರೆದು ತಿಳಿಸಿದಳು. ಅದಕ್ಕೆ ಹಿಲ್ಡಾ, ದಿನಕ್ಕೆ ಐವತ್ತು ಜನ ಐವತ್ತು ಥರದ ಕೋಡು ಕಳಿಸುತ್ತಾರೆ, ಮುಖ ಮುರಿಯದೆ ಬೇಡ ಅನ್ನುವುದಕ್ಕೆ ಇಂಥದೊಂದು ಪದ ನನಗೆ ಎಷ್ಟೋ ವರ್ಷದಿಂದ ಬೇಕಾಗಿತ್ತು, ಬಳಸಬಹುದೇ ಅಂತ ಕೇಳಿದರು. ಬಳಸಿ, ಇದಕ್ಕೂ ಬೀಗವಿಲ್ಲ ಅಂತ ಮೇಡಂ ಬರೆದರು.

ಊರು ನನ್ನನ್ನು ಹೊಡೆಯುತ್ತದೆ ಅಂತ ಎರಡು ದಿನ ಹೆದರಿದ್ದೆ. ಮೂರನೇ ದಿನ ಜನ ಬಂದರು. ಬಂದವರೆಲ್ಲ ಜಗುಲಿಯ ಹತ್ತಿರ ನಿಂತು ಮೆಲ್ಲಗೆ, ನಮ್ಮ ಬೀಗರು ನಮ್ಮ ಬಗ್ಗೆ ಬೇರೆಯವರಿಗೆ ಏನು ಬರೆದಿದ್ದರು ಅಂತ ಕೇಳಿದರು. “ಅಷ್ಟೆಲ್ಲ ಓದಿ ನಂಗೊಂದ್ಮಾತು ಹೇಳ್ಲಿಲ್ವಲ್ಲೋ,” ಅಂತ ಕಾಳಿಂಗಮ್ಮ ಕೋಲು ತೋರಿಸಿದಳು. ನನಗೆ ಬಿದ್ದ ಬೈಗುಳ ಅಷ್ಟೇ.

ಸೋಮವಾರ ಆವೃತ್ತಿ ಹೊರಟಿತು. ಆ ವಾರವೇ ಬೋರೇಶ ಅನ್ನುವ ಹೊಸ ಪೋಸ್ಟ್‌ಮನ್ನು ಬಂದ. ಫೋನು ಹಿಡಿದು ‘ಉಪ್ಪು ಜಾಸ್ತಿ’ ಓಣಿಗೆ ಹೋಗಿ ಊಟ ಮಾಡದೆ ವಾಪಸ್ಸು ಬಂದ ಮೊದಲನೇ ಮನುಷ್ಯ ಅವನು. ವೃಷಭೇಂದ್ರ ನಮ್ಮನೆ ಕಡೆ ಬರುವುದು ನಿಂತಿತು. ನಾನು ಬೆಳಿಗ್ಗೆ ಎದ್ದು, ಕಾಫಿ ಕುಡಿದು, ಜಗುಲಿಯಲ್ಲಿ ಕಾಲು ನೀಡಿ ಕೂತೆ. ಹೇಳುತ್ತೇನೆ ಕೇಳಿ, ಕೂತಿರುವಷ್ಟು ಒಳ್ಳೆಯ ಕೆಲಸ ಇನ್ನೊಂದಿಲ್ಲ. ಹೀಗೆ ಎಂಟು ದಿನ ಕೂತೆ. ತಿಂಡಿ ಯಾಕೆ ತಡ ಅಂತ ಒಳಗೆ ಕೂಗಿ ಕೇಳುತ್ತ ಕೂತೆ. ಸಾರಿಗೆ ಹುಣಿಸೆ ಸಾಲದು ಅಂತ ಹೇಳುತ್ತ ಕೂತೆ. ನಿಂಗಾಜಮ್ಮ ಒಂದಕ್ಕೂ ಮಾತಾಡಲಿಲ್ಲ.

ಒಂಬತ್ತನೇ ದಿನ ಬೋರೇಶ ನಮ್ಮನೆ ಮುಂದೆ ಸೈಕಲ್ಲು ನಿಲ್ಲಿಸಿದ. “ತಾತ, ನಿಮಗೆ.”

ಊರಿಗೆಲ್ಲ ಹಂಚಿದ ನನ್ನ ಕೈಗೆ ಇನ್ನೊಬ್ಬರು ಕಾರ್ಡು ತಂದುಕೊಟ್ಟದ್ದು ಹುಟ್ಟಿದ ಮೇಲೆ ಅದೇ ಮೊದಲು. ಒಂದಲ್ಲ, ದಾರ ಕಟ್ಟಿದ ಒಂದು ಕಟ್ಟು, ಹತ್ತೊಂಬತ್ತು ಕಾರ್ಡು. ಕೈಬರಹ ಗುರುತಾಗಲಿಲ್ಲ. ಗುರುತಾಗುವುದಾದರೂ ಹೇಗೆ? ನಾನು ಅಂಚೆಯವನಾಗಿದ್ದಷ್ಟು ದಿನ ನಿಂಗಾಜಮ್ಮ ಒಂದು ಕಾರ್ಡೂ ಬರೆದವಳಲ್ಲ. ಬರೆದರೆ ಅದನ್ನು ಹೊತ್ತು ತರುವವನು ನಾನು, ದಾರಿಯಲ್ಲೇ ಓದಿ ಕಳೆದುಬಿಡುವವನೂ ನಾನು ಅಂತ ಅವಳಿಗೆ ಗೊತ್ತಿತ್ತು.

ಒಳಗೆ ಒಗ್ಗರಣೆ ಚಟಪಟ ಅನ್ನುತ್ತಿತ್ತು. ಮೊದಲನೇ ಕಾರ್ಡು ಹೀಗೆ ಶುರುವಾಗಿತ್ತು: ‘ಮದುವೆಯಾದ ವರ್ಷದಿಂದ ಕ್ರಮವಾಗಿ ಬರೆದಿದ್ದೇನೆ. ಮಧ್ಯದಲ್ಲಿ ಬಿಟ್ಟು ಓದಬೇಡಿ.’ ಬಿಡದೆ ಓದಿದೆ, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು. ಹತ್ತೊಂಬತ್ತನೆಯದಕ್ಕೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಅದರಲ್ಲಿ ಮೂರೇ ಸಾಲಿತ್ತು.

‘ಇದು ನಿಮ್ಮ ಕೈ ಸೇರುವ ದಿನ ಮಧ್ಯಾಹ್ನಕ್ಕೆ ಹುರುಳಿ ಸಾರು ಮಾಡುತ್ತೇನೆ. ಬೇಡ ಅನ್ನುವುದಿದ್ದರೆ ಕಾರ್ಡು ಹಾಕಿ. ನಾಳಿದ್ದು ನನಗೆ ತಲುಪುತ್ತದೆ.’